ಹೊತ್ತಲ್ಲದ ಹೊತ್ತಿನ ಗಂಟೆ

ದೊಡ್ಡನೆಕ್ಕುಂದಿ
ಶುಕ್ರವಾರ, 2-5-2025

ಮಗಳೇ ರಮ್ಯಶ್ರೀ,

ಸೊಸೆಗೆ ಕಾಗದ ಬರೆಯುವಾಗ ‘ಚಿರಂಜೀವಿ ಸೌಭಾಗ್ಯವತಿ’ ಎಂದು ಶುರು ಮಾಡಬೇಕೆಂದು ನಮ್ಮೂರ ಶಾಲೆಯ ಮೇಷ್ಟ್ರು ಹೇಳಿಕೊಟ್ಟಿದ್ದರು. ಹಾಗೇ ಬರೆದೆ, ಆಮೇಲೆ ಹೊಡೆದುಹಾಕಿದೆ. ನಿನ್ನ ಕೈ ಮುರಿದವನ ಆಯುಸ್ಸನ್ನು ಹರಸಿ ನಿನ್ನನ್ನು ಮಾತಾಡಿಸುವುದು ಸರಿಯೆನ್ನಿಸಲಿಲ್ಲ. ಅವನು ನನ್ನ ಮಗ. ಅವನ ಹೆಸರಿನಲ್ಲಿ ದಿನಾ ದೀಪ ಹಚ್ಚುವವಳು ನಾನೇ. ಆದರೆ ಆ ಹರಕೆಯನ್ನು ನಿನ್ನ ತಲೆಯ ಮೇಲೆ ಹೊರಿಸಬಾರದು. ಅಮ್ಮನವರು ನಿನ್ನನ್ನೂ ಮನಸ್ವಿಯನ್ನೂ ಕಾಪಾಡಲಿ.

ನಡುವೆ ಎದ್ದು ಹೋಗಬೇಕಾಗಬಹುದು, ಅದಕ್ಕೇ ಮುಖ್ಯವಾದದ್ದನ್ನು ಮೊದಲೇ ಬರೆಯುತ್ತೇನೆ. ನಾಡಿದ್ದು ಭಾನುವಾರ ನಿನ್ನ ಮಾವನವರು, ಆನಂದ, ಊರಿನ ಇಬ್ಬರು ಹಿರಿಯರು ಬೈಯಪ್ಪನಹಳ್ಳಿಯ ನಿನ್ನ ರೂಮಿಗೆ ಬರುತ್ತಾರೆ. ನಿನಗೆ ಆ ರೂಮು ಕೊಟ್ಟಿರುವ ಗೆಳತಿ ನಾಗರತ್ನಾಳ ಮನೆ ಯಾವುದು ಎಂದು ಯಾರೋ ಇವರಿಗೆ ಹೇಳಿದ್ದಾರೆ. ನಿನ್ನನ್ನೂ ಮಗುವನ್ನೂ ಹಬ್ಬಕ್ಕೆ ಕರೆದುಕೊಂಡು ಬರುವುದು ಎಂದು ತೀರ್ಮಾನವಾಗಿದೆ. ನೀನು ಬರಬೇಡ. ಅವತ್ತು ನನ್ನನ್ನೂ ಜೊತೆಗೆ ಕರೆತರುತ್ತಾರೆ. ನಾನು ನಿನ್ನ ಬಾಗಿಲಲ್ಲಿ ನಿಂತು ಅಳುತ್ತಾ ‘ಬಾರಮ್ಮಾ, ಮನೆ ಬಣಗುಡ್ತಾ ಇದೆ’ ಅನ್ನುತ್ತೇನೆ. ಹಾಗೆ ಅನ್ನಬೇಕೆಂದು ಹೇಳಿಕೊಟ್ಟಿದ್ದಾರೆ. ಇವರು ಪಕ್ಕದಲ್ಲಿ ನಿಂತಿದ್ದರೆ ನನ್ನ ಬಾಯಲ್ಲಿ ಬೇರೆ ಮಾತು ಬರುವುದಿಲ್ಲ, ಮೂವತ್ತೆರಡು ವರ್ಷದಿಂದ ಬಂದಿಲ್ಲ. ಅವತ್ತಿನ ನನ್ನನ್ನು ನಂಬಬೇಡ. ಈ ಕಾಗದವನ್ನು ನಂಬು.

ಕೈ ಹೇಗಿದೆ? ಕಟ್ಟು ಬಿಚ್ಚಿದರಾ? ಮಗು ರಾಗಿ ಗಂಜಿ ಕುಡಿಯುತ್ತಾಳಾ, ಇಲ್ಲಾ ಬರೀ ಬಿಸ್ಕತ್ತಾ? ಅವಳಿಗೆ ಗಂಜಿಗೆ ಬೆಲ್ಲ ಸ್ವಲ್ಪ ಜಾಸ್ತಿ ಬೇಕು.

ನೀನು ಹೋಗಿ ಇವತ್ತಿಗೆ ಹನ್ನೆರಡು ದಿನ. ನೀನು ಹೋದ ಸಾಯಂಕಾಲವೇ ನನ್ನ ಫೋನು ಇವರ ಜೇಬಿಗೆ ಹೋಯಿತು. ಬಾಡಿಗೆಯವರಿಗೋಸ್ಕರ ಗೇಟಿಗೆ ಹಾಕಿಸಿದ್ದ ಕ್ಯಾಮೆರಾವನ್ನು ಆನಂದ ಮನೆ ಬಾಗಿಲ ಕಡೆಗೆ ತಿರುಗಿಸಿದ್ದಾನೆ. ನೀರಿನ ಟ್ಯಾಂಕರ್ ತುಂಬಿಸಲು ಹೋದಾಗಲೂ ಫೋನಿನಲ್ಲಿ ಅದನ್ನೇ ನೋಡುತ್ತಿರುತ್ತಾನೆ. ಮೊನ್ನೆ ಸೊಪ್ಪಿನ ಗಾಡಿಯ ಹತ್ತಿರ ಎರಡು ನಿಮಿಷ ನಿಂತಿದ್ದಕ್ಕೆ ಇವರಿಗೆ ಫೋನು ಬಂತು, ‘ಅಮ್ಮ ಯಾರ ಜೊತೇಲೋ ಮಾತಾಡ್ತಾವ್ರೆ, ನೋಡಿ’ ಅಂತ. ಸೊಪ್ಪಿನವಳು ಕೊತ್ತಂಬರಿ ಬೇಕಾ ಅಂದಿದ್ದಳು, ಅಷ್ಟೇ.

ದೇವರ ಮನೆಯಲ್ಲಿ ಮಾತ್ರ ನನ್ನನ್ನು ಯಾರೂ ಏನೂ ಕೇಳುವುದಿಲ್ಲ. ದಿನಾ ಊಟವಾದ ಮೇಲೆ ಇಲ್ಲಿ ಕೂತು ರಾಮಕೋಟಿ ಬರೆಯುವುದು ನಿನಗೆ ಗೊತ್ತೇ ಇದೆ. ಆ ಪುಸ್ತಕದಲ್ಲೇ ನಿನಗೆ ಬರೆಯುತ್ತಿದ್ದೇನೆ. ದೂರದಿಂದ ನೋಡಿದರೆ ಎಲ್ಲಾ ಒಂದೇ ಥರ ಕಾಣುತ್ತದೆ. ನಾಳೆ ಉಮ್ಮೆ ಕುಲ್ಸುಂ ಹಬ್ಬದ ರವಿಕೆಯ ಅಳತೆಗೆ ಬರುತ್ತಾಳೆ. ಶಿವಾಜಿನಗರದಿಂದ ಇಷ್ಟು ದೂರ ಬಂದು ನಮ್ಮ ಮನೆಗೆ ಹೊಲಿದುಕೊಡುತ್ತಿರುವವಳು ಅವಳು, ಅವಳ ತಾಯಿ ಇದ್ದ ಕಾಲದಿಂದ. ಹಾಳೆ ಕಿತ್ತು ಅವಳ ಬಟ್ಟೆಚೀಲಕ್ಕೆ ಹಾಕುತ್ತೇನೆ, ಅವಳು ನಿನಗೆ ತಲುಪಿಸುತ್ತಾಳೆ.

ಅಮ್ಮನವರ ಊರಹಬ್ಬ ಬರುವ ಮಂಗಳವಾರ. ಈ ಸಲ ಮೊದಲ ಆರತಿ ನಮ್ಮ ಮನೆಯದು. ತಂಬಿಟ್ಟಿನ ದೀಪವನ್ನು ಮನೆಯ ಸೊಸೆಯೇ ತಲೆಯ ಮೇಲೆ ಹೊತ್ತು ಗುಡಿಗೆ ಹೋಗಬೇಕು. ಹದಿನಾಲ್ಕು ವರ್ಷಕ್ಕೊಂದು ಸಲ ಬರುವ ಸರದಿ. ನೀನಿಲ್ಲದೆ ಹೋದರೆ ಊರೆಲ್ಲ ಕೇಳುತ್ತದೆ. ಇವರಿಗೆ ಬೇಕಾಗಿರುವುದು ಮಂಗಳವಾರ ಬೆಳಿಗ್ಗೆಗೆ ಒಂದು ತಲೆ, ರಮ್ಯ, ನೀನಲ್ಲ. ಕಠಿಣವಾಗಿ ಬರೆದೆ ಎಂದು ಬೇಸರ ಮಾಡಿಕೊಳ್ಳಬೇಡ.

ಬಂದಾಗ ಏನು ಹೇಳುತ್ತಾರೆ ಎಂಬುದನ್ನೂ ಹೇಳಿಬಿಡುತ್ತೇನೆ. ಆನಂದ ಅಮ್ಮನವರ ಮುಂದೆ ಕರ್ಪೂರ ಹಚ್ಚಿ, ಆರಿಸಿ, ಇನ್ನು ಕೈಯೆತ್ತುವುದಿಲ್ಲ ಎಂದು ಆಣೆ ಮಾಡುತ್ತಾನಂತೆ. ನೀನು ಕೊಟ್ಟಿರುವ ಕಂಪ್ಲೇಂಟು ವಾಪಸು ತೆಗೆದುಕೊಳ್ಳಬೇಕಂತೆ. ಆಣೆ ಎಂದರೆ ನಿನ್ನ ಮನಸ್ಸು ಕರಗುತ್ತದೆ ಎಂದು ಅವರಿಗೆ ಗೊತ್ತು, ನಿನಗೆ ದೇವರ ಭಯ ಉಂಟು. ನನಗೂ ಇತ್ತು. ಅದಕ್ಕೇ ಇದನ್ನು ಕೇಳು.

ನಿನ್ನ ಮಾವನವರು ಎರಡು ಸಲ ಇದೇ ಆಣೆ ಮಾಡಿದ್ದಾರೆ. ಮೊದಲ ಸಲ ಆನಂದ ಹೊಟ್ಟೆಯಲ್ಲಿ ಐದು ತಿಂಗಳು. ನಮ್ಮಪ್ಪ ಗಾಡಿ ಕಟ್ಟಿಸಿಕೊಂಡು ಬಂದು ನ್ಯಾಯ ಸೇರಿಸಿದ್ದರು. ಕರ್ಪೂರ ಆರಿತು, ಎಲ್ಲರೂ ಊಟ ಮಾಡಿ ಹೋದರು. ಆಯುಧಪೂಜೆಯವರೆಗೂ ಇವರು ಮುಟ್ಟಲಿಲ್ಲ. ಆಮೇಲೆ ಕುಂಬಳಕಾಯಿ ತರಲು ಮರೆತೆ ಎಂದು ಹೊಡೆದರು. ಎರಡನೇ ಸಲ ಆಣೆ ಮಾಡಿದ್ದು ನನ್ನ ಬಲಗಿವಿ ಹೋದ ವರ್ಷ. ಚಿಕ್ಕಂದಿನಲ್ಲಿ ಕಿವಿ ಸೋರಿ ಹಾಗಾಯಿತು ಎಂದು ನಿನಗೆ ಹೇಳಿದ್ದೆನಲ್ಲ, ಅದು ಸುಳ್ಳು. ಸೋರಲೂ ಇಲ್ಲ, ಏನೂ ಇಲ್ಲ. ಇವರ ಅಂಗೈ.

ಆಣೆಯಾದ ಮೇಲೆ ಏನಾಗುತ್ತದೆ ಗೊತ್ತಾ? ಅವರು ಹೊಡೆದದ್ದನ್ನು ನಾನು ಯಾರಿಗಾದರೂ ಹೇಳಿದರೆ ಆಣೆ ಮುರಿದದ್ದು ಬಯಲಾಗುತ್ತದೆ. ಆಣೆ ಮುರಿದ ಮನೆಗೆ ಅಮ್ಮನವರ ಸಿಟ್ಟು ತಟ್ಟುತ್ತದೆ, ಮಕ್ಕಳಿಗೆ ತಟ್ಟುತ್ತದೆ ಎಂದು ನಾನು ನಂಬಿದ್ದೆ. ಅದಕ್ಕೇ ನಾನು ಬಾಯಿ ಮುಚ್ಚಿಕೊಂಡೆ. ಆಣೆ ಮಾಡಿದ್ದು ಅವರು, ಕಾಯ್ದುಕೊಂಡು ಬಂದವಳು ನಾನು. ನೀನು ಆ ಗುಡಿಯಲ್ಲಿ ನಿಂತು ಆರುವ ಕರ್ಪೂರ ನೋಡಿದರೆ ನಿನಗೂ ಅದೇ ಆಗುತ್ತದೆ.

ಶ್ರೀರಾಮ ಶ್ರೀರಾಮ ಶ್ರೀರಾಮ ಶ್ರೀರಾಮ
ಶ್ರೀರಾಮ ಶ್ರೀರಾಮ ಶ್ರೀರಾಮ ಶ್ರೀರಾಮ

ಇವರು ಬಂದು ಹೊಸಿಲಲ್ಲಿ ನಿಂತಿದ್ದರು. ‘ಏನೇ, ಇವತ್ತು ರಾಮ ಭಾಳಾ ಉದ್ದಕ್ಕೆ ಹೋಗ್ತಾವ್ನೆ’ ಅಂದರು. ಹಬ್ಬದ ಒಳಗೆ ಪುಸ್ತಕ ಮುಗಿಸಬೇಕು ಎಂದೆ. ಕಾಫಿ ಕುಡಿದು ಹೋದರು. ಅದಕ್ಕೇ ಮೇಲೆ ಎರಡು ಸಾಲು ರಾಮನಾಮ.

ಈಗ ನಾನು ಮಾಡಿದ್ದನ್ನು ಬರೆಯಬೇಕು.

ಯುಗಾದಿ ಮುಗಿದ ಮೂರನೇ ದಿನ ನಿನ್ನ ಕೈ ಮುರಿಯಿತು. ಆಸ್ಪತ್ರೆಯವರು ಪೊಲೀಸಿಗೆ ತಿಳಿಸಿದ್ದಕ್ಕೆ ಹುಲಿಗೆಪ್ಪ ಎನ್ನುವ ಪೊಲೀಸಿನವನು ಮನೆಗೆ ಬಂದ. ಕೊಪ್ಪಳದ ಕಡೆಯವನು. ನನ್ನನ್ನು ಪಕ್ಕಕ್ಕೆ ಕರೆದು ‘ಅವ್ವಾರ, ಖರೇ ಏನ್ ಆತು ಹೇಳ್ರಿ, ಅಂಜಬ್ಯಾಡ್ರಿ’ ಅಂದ. ಎರಡು ಸಲ ಕೇಳಿದ. ಟ್ಯಾಂಕ್ ತುಂಬಿ ನೀರು ಮೆಟ್ಟಿಲ ಮೇಲೆ ಹರಿದಿತ್ತು, ಸೊಸೆ ಜಾರಿದಳು, ನಾನೇ ಕಣ್ಣಾರೆ ನೋಡಿದೆ ಎಂದು ಹೇಳಿದೆ. ಅವನು ಬರೆದುಕೊಂಡ. ಓದಿ ಹೇಳಿದ. ಸಹಿ ಹಾಕಿದೆ. ಅಮೃತಮ್ಮ ಎಂದು ಎಷ್ಟು ದುಂಡಗೆ ಬರೆದೆ ಗೊತ್ತಾ, ಶಾಲೆಯಲ್ಲಿ ಬರೆದ ಹಾಗೆ. ನೀನು ಕೊಟ್ಟಿರುವ ಕಂಪ್ಲೇಂಟಿನ ಎದುರಿಗೆ ಇವತ್ತು ನಿಂತಿರುವುದು ಆ ಸಹಿಯೇ. ‘ಅಮ್ಮನ ಸೈನ್ ಇರೋವರ್ಗೂ ಏನೂ ಆಗಲ್ಲ’ ಎಂದು ಆನಂದ ಫೋನಿನಲ್ಲಿ ಯಾರಿಗೋ ಹೇಳುತ್ತಿದ್ದ.

ಇಷ್ಟು ನಿನಗೆ ಗೊತ್ತಿರುವುದೇ. ಗೊತ್ತಿಲ್ಲದ್ದು ಇನ್ನೊಂದಿದೆ.

ಅವತ್ತು ನೀನು ಮಹಡಿಯ ರೂಮಿನಲ್ಲಿ ಕೂಗಿದಾಗ ನಾನು ಹಿತ್ತಲಲ್ಲಿದ್ದೆ, ಕೇಳಿಸಲಿಲ್ಲ ಎಂದು ನಿನಗೆ ಹೇಳಿದೆ. ಒಂದು ಕಿವಿಯ ನೆಪ ಬೇರೆ ಇತ್ತು. ನೀನು ನಂಬಿದೆ. ನಿನಗೆ ಆ ಹೊತ್ತಿನಲ್ಲಿ ದೇವರ ಮನೆಯ ಗಂಟೆ ಕೇಳಿಸಿರಬೇಕು. ಮಧ್ಯಾಹ್ನ ಮೂರೂಕಾಲು. ಆ ಹೊತ್ತಿನಲ್ಲಿ ಯಾವ ಪೂಜೆಯೂ ಇಲ್ಲ. ಆ ಗಂಟೆ ಹೊಡೆದವಳು ನಾನು. ಬಾಡಿಗೆಯವರಿಗೆ ನಿನ್ನ ಕೂಗು ಕೇಳಿಸಬಾರದೆಂದು ಹೊಡೆದೆ. ಮನಸ್ವಿಯನ್ನು ತೊಡೆಯ ಮೇಲೆ ಕೂರಿಸಿಕೊಂಡು, ಅವಳ ಕೈಯನ್ನೂ ನನ್ನ ಕೈಯೊಳಗೆ ಸೇರಿಸಿಕೊಂಡು ಹೊಡೆದೆ. ನೀನು ಸುಮ್ಮನಾಗುವವರೆಗೂ ನಿಲ್ಲಿಸಲಿಲ್ಲ.

ಇದನ್ನು ನನಗೆ ಕಲಿಸಿದವರು ನಮ್ಮತ್ತೆ ಪಟಾಲಮ್ಮನವರು. ನನ್ನ ಮೇಲೆ ಕೈಬಿದ್ದಾಗಲೆಲ್ಲ ಅವರು ಗಂಟೆ ಹಿಡಿಯುತ್ತಿದ್ದರು. ಅವರ ಕಾಲದಲ್ಲಿ ಅವರ ಅತ್ತೆ ಹಿಡಿಯುತ್ತಿದ್ದರಂತೆ. ಆಮೇಲೆ ನನ್ನ ಬೆನ್ನಿಗೆ ಉಪ್ಪಿನ ಶಾಖ ಕೊಡುತ್ತಾ, ‘ಮನೆ ಮಾನ ಉಳೀತಲ್ಲ ಬಿಡವ್ವ’ ಅನ್ನುತ್ತಿದ್ದರು. ಅವರ ಕಣ್ಣಲ್ಲಿ ನೀರಿರುತ್ತಿತ್ತು. ಅದನ್ನು ನಾನು ಪ್ರೀತಿ ಅಂದುಕೊಂಡಿದ್ದೆ. ಪ್ರೀತಿಯೂ ಇತ್ತೇನೋ. ಓಣಿಯವರು ಮಾತ್ರ ಇವರ ಹೆಸರು ಹಿಡಿದು ‘ಮುನಿಆಂಜನಪ್ಪನ ಮನೇಲಿ ಹೊತ್ತು ಹೊತ್ತಿಗೂ ಪೂಜೆ’ ಎಂದು ಕೈಮುಗಿಯುತ್ತಿದ್ದರು. ಗುಡಿಯ ಅಮ್ಮ ಗಂಟೆ ಸದ್ದಿಗೆ ಮೋಸಹೋಗುವವಳಲ್ಲ ರಮ್ಯ. ಅದರ ಹಿಂದಿನ ಕೂಗು ಅವಳಿಗೆ ಕೇಳಿಸಿಯೇ ಇರುತ್ತದೆ. ನನ್ನದೂ ಕೇಳಿಸಿದೆ, ನಿನ್ನದೂ ಕೇಳಿಸಿದೆ. ನಾನು ಅವಳಿಗೆ ಏನು ಜವಾಬು ಕೊಡಲಿ?

ಇನ್ನೂ ಹಿಂದಿನದೊಂದು ಹೇಳಬೇಕು. ನಿನ್ನ ಮದುವೆಗೆ ಹನ್ನೊಂದು ರವಿಕೆ ಹೊಲಿಸಿದೆವಲ್ಲ, ಎಲ್ಲದಕ್ಕೂ ಮೊಣಕೈ ದಾಟುವ ತೋಳು ಇಡಲು ಹೇಳಿದವಳು ನಾನು. ಉಮ್ಮೆ ಕುಲ್ಸುಂ ನಕ್ಕುಬಿಟ್ಟಳು. ‘ಏನಮ್ಮಾ, ಮದುಮಗಳನ್ನ ಅಜ್ಜಿ ಮಾಡ್ತೀರಾ? ಈಗಿನ ಹುಡ್ಗೀರು ತೋಳೇ ಬ್ಯಾಡ ಅಂತಾರೆ, ನೀವು ನೋಡಿದ್ರೆ ಗಜಗಟ್ಲೆ ಬಟ್ಟೆ ಹಾಕಿಸ್ತೀರಾ!’ ಅಂದಳು. ನಮ್ಮ ಮನೆಯಲ್ಲಿ ಹೀಗೇ ಎಂದೆ. ಅವಳು ನನ್ನ ತೋಳು ನೋಡಿದಳು, ಟೇಪು ಸುತ್ತಿಟ್ಟಳು, ಆಮೇಲೆ ನಗಲಿಲ್ಲ. ಆನಂದ ಇನ್ನೂ ನಿನ್ನ ಬೆರಳು ಕೂಡ ಮುಟ್ಟಿರದ ದಿನ ಅದು. ನನಗೆ ಮೊದಲೇ ಗೊತ್ತಿತ್ತು ಎನ್ನುವುದಕ್ಕೆ ಬೇರೆ ಸಾಕ್ಷಿ ಬೇಡ. ಗೊತ್ತಿದ್ದೂ ನಿನ್ನನ್ನು ಹೊಸಿಲು ದಾಟಿಸಿದೆ.

ಆನಂದ ಹುಟ್ಟುತ್ತಾ ಹೀಗಿರಲಿಲ್ಲ. ತಾಯಿ ಹಾಗೆ ಹೇಳದೆ ಇನ್ನೇನು ಹೇಳುತ್ತಾಳೆ ಅನ್ನಬೇಡ. ಆರು ವರ್ಷದವನಾಗಿದ್ದಾಗ ಅವರಪ್ಪ ಹೊಡೆದುಹೋದ ಮೇಲೆ ಚೊಂಬಿನಲ್ಲಿ ನೀರು ತಂದು ಪಕ್ಕದಲ್ಲಿ ಕೂರುತ್ತಿದ್ದ. ‘ಅಪ್ಪ ಯಾಕಮ್ಮ ಹೊಡೀತಾರೆ?’ ಎಂದು ಕೇಳುತ್ತಿದ್ದ. ಅವನು ಅಪ್ಪನನ್ನು ದ್ವೇಷಿಸಬಾರದಲ್ಲ, ಅದಕ್ಕೆ ನಾನು ಸಮಾಧಾನ ಹೇಳುತ್ತಿದ್ದೆ: ನಂದೇ ತಪ್ಪು ಕಂದಾ, ಸಾರಿಗೆ ಉಪ್ಪು ಜಾಸ್ತಿ ಹಾಕ್ಬಿಟ್ಟೆ. ಇನ್ನೊಂದು ದಿನ, ನಂದೇ ತಪ್ಪು, ಎದುರು ಮಾತಾಡ್ಬಿಟ್ಟೆ. ಅವನ ಮನಸ್ಸು ಕೆಡದಿರಲೆಂದು ಹೇಳಿದೆ. ಹತ್ತು ವರ್ಷ ಹೇಳಿದೆ. ಹದಿನಾರಕ್ಕೆ ಬಂದವನು ಒಂದು ದಿನ ನೀರು ತರಲಿಲ್ಲ. ಬಾಗಿಲಲ್ಲಿ ನಿಂತು, ‘ನೀನು ಸರಿಯಾಗಿದ್ದಿದ್ರೆ ಅಪ್ಪ ಯಾಕೆ ಹೊಡೀತಿದ್ರು?’ ಅಂದ.

ನಿನ್ನ ಮೇಲೆ ಮೊದಲ ಸಲ ಕೈಮಾಡಿದ ದಿನ ಅವನು ನೇರ ಅಡುಗೆಮನೆಗೆ ಬಂದ. ಮುಖ ಬಿಳಿಚಿಕೊಂಡಿತ್ತು. ‘ಅವಳ್ದೇ ತಪ್ಪಮ್ಮ’ ಅಂದ. ನಾನು ಏನಾದರೂ ಹೇಳುತ್ತೇನೆ ಎಂದು ಕಾಯುತ್ತಾ ನಿಂತಿದ್ದ, ರಮ್ಯ. ಚಿಕ್ಕವನಿದ್ದಾಗ ನಿಂತ ಹಾಗೇ. ಅವತ್ತು ನಾನು ಒಂದು ಮಾತು ಆಡಬಹುದಿತ್ತು. ತಟ್ಟೆ ಹಾಕಿ ಅನ್ನ ಬಡಿಸಿದೆ.

ಇಷ್ಟಾದರೂ ನನಗೆ ಬುದ್ಧಿ ಬಂದಿರಲಿಲ್ಲ. ಬಂದದ್ದು ನೀನು ಹೊರಡುವ ಹಿಂದಿನ ದಿನ. ಮನಸ್ವಿ ನನ್ನ ಜೊತೆ ಹೂ ಬಿಡಿಸುತ್ತಿದ್ದಳು. ನಿನ್ನ ಕೈಯ ಬಿಳಿ ಕಟ್ಟು ನೋಡುತ್ತಾ, ‘ಅಜ್ಜಿ, ಅಮ್ಮ ಏನ್ ತಪ್ಪು ಮಾಡಿದ್ಲು?’ ಎಂದು ಕೇಳಿದಳು. ಯಾರು ಹೊಡೆದರು ಎಂದು ಕೇಳಲಿಲ್ಲ, ಯಾಕೆ ಎಂದೂ ಕೇಳಲಿಲ್ಲ. ನಾಲ್ಕು ವರ್ಷದ ಮಗುವಿಗೆ ಅಷ್ಟು ಆಗಲೇ ತಿಳಿದುಬಿಟ್ಟಿತ್ತು. ನನ್ನ ಬಾಯಲ್ಲಿ ಉತ್ತರ ಸಿದ್ಧವಾಗಿತ್ತು. ‘ಎದುರು ಮಾತಾಡಿದಳು ಕಂದಾ’ ಎಂಬುದು ತುಟಿಯವರೆಗೆ ಬಂದಿತ್ತು. ಹೇಳಲಿಲ್ಲ. ಹೂ ಅಲ್ಲೇ ಬಿಟ್ಟು ಒಳಗೆ ಹೋದೆ. ಮಾರನೇ ದಿನ ನೀನು ಮಗುವನ್ನು ಎತ್ತಿಕೊಂಡು ಹಿಂದಿನ ಬಾಗಿಲಿಂದ ಹೋಗುವಾಗ ನಾನು ತುಳಸಿಕಟ್ಟೆಯ ಹತ್ತಿರವೇ ಇದ್ದೆ. ನಿನ್ನನ್ನು ನೋಡಿದೆ. ನಾನು ನೋಡಿದ್ದು ನಿನಗೂ ಗೊತ್ತು. ಬೆನ್ನು ತಿರುಗಿಸಿ ತುಳಸಿಗೆ ನೀರು ಹಾಕಿದೆ. ನನ್ನ ಜೀವಮಾನದಲ್ಲಿ ನಿನಗೆ ಮಾಡಿದ ಒಳ್ಳೆಯದು ಅಷ್ಟೇ, ಸುಮ್ಮನೆ ಬೆನ್ನು ತಿರುಗಿಸಿದ್ದು.

ಮಗು ಮತ್ತೆ ಕೇಳಿದರೆ ನೀನು ನನ್ನ ಹಾಗೆ ಹೇಳಬೇಡ. ಅಮ್ಮ ಏನೂ ತಪ್ಪು ಮಾಡಲಿಲ್ಲ ಎಂದು ಹೇಳು. ಅಪ್ಪ ಮಾಡಿದ್ದು ತಪ್ಪು ಎಂದು ಹೇಳು. ಅಜ್ಜಿಯದೂ ತಪ್ಪು ಎಂದು ಸೇರಿಸು. ಅವಳು ನನ್ನನ್ನು ಬೇಡ ಅಂದರೂ ಪರವಾಗಿಲ್ಲ.

ಸ್ಟೇಷನ್ನಿಗೆ ಹೋಗಿ ಆ ಸಹಿಯನ್ನು ವಾಪಸು ತೆಗೆದುಕೊಂಡು ಬಾ ಎಂದು ನೀನು ಕೇಳಬಹುದು. ನ್ಯಾಯವಾಗಿ ಕೇಳಬೇಕು. ನನಗೆ ಧೈರ್ಯವಿಲ್ಲ. ಗೇಟು, ಕ್ಯಾಮೆರಾ, ಅವೆಲ್ಲ ಹೊರಗಿನವು. ಕ್ಯಾಮೆರಾ ಇಲ್ಲದ ಕಾಲದಲ್ಲೂ ನಾನು ಎಲ್ಲಿಗೂ ಹೋಗಿರಲಿಲ್ಲ. ಹೆತ್ತ ಮಗನನ್ನು ನನ್ನ ಬಾಯಿಂದಲೇ ಪೊಲೀಸರಿಗೆ ಒಪ್ಪಿಸುವುದು ನನ್ನಿಂದಾಗುವುದಿಲ್ಲ. ತವರಿಗೆ ಹೋದ ನಿನ್ನನ್ನು ನಿನ್ನ ತಾಯಿ ಎರಡು ಸಲ ವಾಪಸು ತಂದು ಇಲ್ಲಿ ಬಿಟ್ಟಾಗ ಎಂಥಾ ಹೆಂಗಸಪ್ಪಾ ಎಂದು ಮನಸ್ಸಲ್ಲೇ ಬೈದುಕೊಂಡಿದ್ದೆ. ನಾನೇನು ಅವರಿಗಿಂತ ಮೇಲಲ್ಲ.

ಅಕ್ಕಿ ನೆನೆಹಾಕಬೇಕು, ತಂಬಿಟ್ಟಿಗೆ. ಟ್ಯಾಂಕರ್ ಸದ್ದು ಕೇಳುತ್ತಿದೆ, ಆನಂದ ಬಂದ. ಭಾನುವಾರ ಬಾಗಿಲು ತೆಗೆಯಬೇಡ. ನಾನು ಎಷ್ಟೇ ಅತ್ತರೂ ತೆಗೆಯಬೇಡ.

ನಿನ್ನ ಅತ್ತೆ ಎಂದು ಬರೆದುಕೊಳ್ಳಲು ನಾಚಿಕೆಯಾಗುತ್ತದೆ, ಆದರೂ ಅದೇ,

ಅಮೃತಮ್ಮ

ಮರುದಿನ ಸೇರಿಸಿದ್ದು, ಶನಿವಾರ ಮಧ್ಯಾಹ್ನ, ಉಮ್ಮೆ ಕುಲ್ಸುಂ ಅಂಗಡಿಯಿಂದ:

ಬೆಳಿಗ್ಗೆ ಅವಳು ಬಂದಳು. ನನ್ನ ಮುಖದಲ್ಲಿ ಏನು ಕಂಡಳೋ, ಇವರ ಎದುರಿಗೇ ‘ಅಣ್ಣಾ, ಲೈನಿಂಗ್ ಬಣ್ಣ ಕೂಡ್ತಾ ಇಲ್ಲ. ಅಮ್ಮ ಅಂಗಡಿಗೆ ಬಂದು ನೋಡ್ಬೇಕು. ಇಲ್ಲಾಂದ್ರೆ ಮೊದಲ ಆರತಿಗೆ ಹಳೇ ರವಿಕೇಲೇ ಹೋಗ್ಲಿ, ನನಗೇನು’ ಅಂದಳು. ಊರವರ ಮುಂದೆ ಹಳೇ ರವಿಕೆ ಎಂದ ಕೂಡಲೇ ಇವರು ಒಪ್ಪಿದರು, ಮಧ್ಯಾಹ್ನ ಎರಡು ಗಂಟೆಯ ಹೊತ್ತಿಗೆ ವಾಪಸು ಬರಬೇಕು ಅಂದರು. ಆಟೋ ಗೇಟು ದಾಟಿದ ಮೇಲೆ ಅವಳು ಮೆಲ್ಲಗೆ, ‘ಅಂಗಡಿಗಾ ಅಮ್ಮಾ, ಇನ್ನೆಲ್ಲಿಗಾದ್ರೂನಾ?’ ಎಂದು ಕೇಳಿದಳು. ನನ್ನನ್ನು ಹಾಗೆ ಯಾರೂ ಕೇಳಿರಲಿಲ್ಲ. ಸ್ಟೇಷನ್ನಿಗೆ ಎಂದೆ.

ಹುಲಿಗೆಪ್ಪ ಇದ್ದ. ‘ಅವ್ವಾರ, ಹಿಂದ ಒಂದು ಹೇಳಿ ಸೈನ್ ಮಾಡೀರಿ. ಈಗ ಬ್ಯಾರೆ ಹೇಳಿದ್ರ ನಿಮ್ಮ ಮ್ಯಾಲೂ ಬರ್ತೈತಿ. ಮನ್ಯಾಗ ಇಚಾರ ಮಾಡಿ ಬರ್ರಿ’ ಅಂದ. ಮನೆಗೆ ಹೋದರೆ ಮತ್ತೆ ಬರುವುದಕ್ಕಾಗಲ್ಲಪ್ಪ, ಈಗಲೇ ಬರಕೋ ಎಂದೆ. ಎಲ್ಲಾ ಹೇಳಿದೆ. ಮಗನ ಹೆಸರು ಹೇಳುವಾಗ ನೀರು ಕೇಳಿ ಕುಡಿದೆ. ಆಮೇಲೆ ನನ್ನ ಹೆಸರು ಹೇಳಿ, ನಾನು ಮಾಡಿದ್ದನ್ನೂ ಬರೆಸಿದೆ. ನಕಲು ಈ ಹಾಳೆಗಳ ಜೊತೆಯಲ್ಲಿದೆ, ನಿನ್ನ ವಕೀಲರಿಗೆ ಕೊಡು.

ಸೋಮವಾರ ಆನಂದನನ್ನು ಕರೆಸುತ್ತಾರಂತೆ. ಅಲ್ಲಿಯವರೆಗೆ ಮನೆಯಲ್ಲಿ ಯಾರಿಗೂ ತಿಳಿಯುವುದಿಲ್ಲ. ಉಮ್ಮೆ ಕುಲ್ಸುಂ ನಮ್ಮ ಮನೇಲೇ ಇದ್ಬಿಡಿ ಎಂದು ಕೈ ಹಿಡಿದುಕೊಂಡು ಕೂತಿದ್ದಾಳೆ. ಆದರೆ ನಾನು ಹಿಂದಿರುಗದಿದ್ದರೆ ಇವರು ಭಾನುವಾರದವರೆಗೂ ಕಾಯುವುದಿಲ್ಲ, ಇವತ್ತೇ ನಿನ್ನ ಬಾಗಿಲಿಗೆ ಬರುತ್ತಾರೆ. ಅದಕ್ಕೆ ಹೋಗುತ್ತಿದ್ದೇನೆ. ಈ ಹಾಳೆಗಳನ್ನು ಉಮ್ಮೆ ಕುಲ್ಸುಂ ಈಗಲೇ ನಿನ್ನ ಕೈಗೆ ತಂದುಕೊಡುತ್ತಾಳೆ. ನೀನು ಇವತ್ತು ಸಾಯಂಕಾಲದೊಳಗೆ ಮಗುವನ್ನು ಕರೆದುಕೊಂಡು ಆ ರೂಮು ಬಿಡು. ಎಲ್ಲಿಗೆ ಎಂದು ನನಗೆ ಮಾತ್ರ ತಿಳಿಸಬೇಡ. ಗೊತ್ತಿದ್ದರೆ ನಾನು ಹೇಳಿಬಿಡುತ್ತೇನೆ.